ಮುಷ್ಟಿ ಬಿಗಿದ ಹೇಸಿಗೆ

2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟು ಕಾಯ್ದೆಯನ್ನು ರದ್ದು ಮಾಡಿತು. 2009ರ ಆ ಕಾಯ್ದೆ, ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ‘ರಿಪಗ್ನಂಟ್’ ಎಂಬುದು ಕೋರ್ಟು ಕೊಟ್ಟ ಮುಖ್ಯ ಕಾರಣ. ಈ ಪದ ಗೊತ್ತಿಲ್ಲದವರು ನಿಘಂಟು ತೆರೆದರೆ ಅಸಹ್ಯಕರ, ಹೇಸಿಗೆ ಹುಟ್ಟಿಸುವ, ಜುಗುಪ್ಸೆ ತರುವ ಎಂಬ ಅರ್ಥಗಳು ಸಾಲಾಗಿ ಎದುರಾಗುತ್ತವೆ. ಹಾಗಾದರೆ ನ್ಯಾಯಮೂರ್ತಿಗಳು ಕಾಯ್ದೆಯ ಹಾಳೆ ತಿರುವಿ ಮೂಗು ಮುಚ್ಚಿಕೊಂಡರೇ? ಅಂಥದ್ದೇನೂ ನಡೆಯಲಿಲ್ಲ. ಎರಡು ಕಾಯ್ದೆಗಳು ಒಂದಕ್ಕೊಂದು ಎದುರು ನಿಂತಿವೆ, ಒಂದನ್ನು ಪಾಲಿಸಿದರೆ ಇನ್ನೊಂದನ್ನು ಮುರಿದಂತೆ ಎಂದಷ್ಟೇ ಅವರು ಹೇಳಿದ್ದು.

ಒಂದೇ ಪದ ಕೋರ್ಟಿನಲ್ಲಿ ತಣ್ಣಗೆ, ಹೊರಗೆ ಕೆಂಡದ ಹಾಗೆ. ಈ ಅಂತರ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ, ಇಂಗ್ಲಿಷಿನಲ್ಲಿ ಹೇಸಿಗೆಗೆ ಇರುವ ಹತ್ತಾರು ಪದಗಳ ನಡುವೆ ಇದೊಂದಕ್ಕೇ ಬೇರೆ ಜಾಗ ಯಾಕೆ ಎಂಬುದೂ ತಿಳಿಯುತ್ತದೆ.

ಪದದ ಬೇರು ಲ್ಯಾಟಿನ್ನಿನದು. ‘ಪುಗ್ನಸ್’ ಎಂದರೆ ಮುಷ್ಟಿ, ‘ಪುಗ್ನಾರೆ’ ಎಂದರೆ ಕಾದಾಡು, ‘ರೆಪುಗ್ನಾರೆ’ ಎಂದರೆ ಎದುರು ನಿಂತು ಕಾದಾಡು. ಜಗಳಗಂಟನನ್ನು ‘ಪಗ್ನೇಶಿಯಸ್’ ಅನ್ನುತ್ತಾರಲ್ಲ, ಅದೂ ಇದೇ ಮನೆಯದು. ಬಾಕ್ಸರನಿಗೆ ಹೇಳುವ ‘ಪ್ಯೂಜಿಲಿಸ್ಟ್’ ಹತ್ತಿರದ ದಾಯಾದಿ. 14ನೇ ಶತಮಾನದ ಕೊನೆಯ ಹೊತ್ತಿಗೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ‘ವಿರುದ್ಧವಾದ, ಹೊಂದಿಕೆಯಾಗದ’ ಎಂಬಷ್ಟೇ ಅರ್ಥ. ಆಮೇಲೆ ‘ಮಾತು ಕೇಳದ, ಎದುರು ಬೀಳುವ’ ಎಂಬ ಅರ್ಥವೂ ಸೇರಿಕೊಂಡಿತು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಎರಡನೇ ಅಂಕದಲ್ಲಿ ಒಬ್ಬ ನಟ ಟ್ರಾಯ್ ಪಟ್ಟಣದ ಪತನವನ್ನು ಬಣ್ಣಿಸುತ್ತಾನೆ. ಮುದುಕ ದೊರೆ ಪ್ರಿಯಮನ ಕತ್ತಿ ಕೈಯ ಅಪ್ಪಣೆ ಮೀರಿ ಬಿದ್ದಲ್ಲೇ ಬಿದ್ದಿರುತ್ತದೆ. ಆ ಕತ್ತಿಗೆ ಕವಿ ಹಚ್ಚಿದ ವಿಶೇಷಣ ‘ರಿಪಗ್ನಂಟ್’. ಕತ್ತಿ ಅಸಹ್ಯವಾಗಿತ್ತು ಎಂದು ಓದಿದವರು ಆ ದೃಶ್ಯವನ್ನೇ ಕೆಡಿಸಿದಂತೆ. ಅದು ಹೇಳಿದ ಮಾತು ಕೇಳಲಿಲ್ಲ, ಅಷ್ಟೇ.

ಹೇಸಿಗೆಯ ಅರ್ಥ ತಡವಾಗಿ, 18ನೇ ಶತಮಾನದ ಹೊತ್ತಿಗೆ ಬಂದದ್ದು. ಮೊದಲು ಎರಡು ಮಾತುಗಳು, ಎರಡು ವಿಧಿಗಳು ಕಾದಾಡುತ್ತಿದ್ದವು. ಈಗ ಒಂದು ಕಡೆ ವಸ್ತು ಅಥವಾ ಕೃತ್ಯ, ಇನ್ನೊಂದು ಕಡೆ ಮನುಷ್ಯನ ಮನಸ್ಸು ನಿಂತವು. ‘ಇದು ನನಗೆ ರಿಪಗ್ನಂಟ್’ ಎಂದರೆ, ಇದನ್ನು ನೋಡಿದರೆ ನಾನು ನಂಬಿ ಬದುಕುವ ಎಲ್ಲವೂ ಮುಷ್ಟಿ ಬಿಗಿದು ನಿಲ್ಲುತ್ತದೆ ಎಂದರ್ಥ.

ಹೇಸಿಗೆ ಹೇಳುವ ಬೇರೆ ಇಂಗ್ಲಿಷ್ ಪದಗಳ ಒಳಗೂ ಮೈಯ ಒಂದೊಂದು ಚರ್ಯೆ ಕೂತಿದೆ. ‘ಡಿಸ್ಗಸ್ಟಿಂಗ್’ ಎಂಬುದರಲ್ಲಿ ನಾಲಿಗೆಯಿದೆ. ಲ್ಯಾಟಿನ್ನಿನ ‘ಗುಸ್ತುಸ್’ ಎಂದರೆ ರುಚಿ. ‘ನಾಸಿಯೇಟಿಂಗ್’ ಪದದಲ್ಲಿ ಹೊಟ್ಟೆ ತೊಳಸುತ್ತದೆ. ಗ್ರೀಕಿನಲ್ಲಿ ಹಡಗಿಗೆ ‘ನೌಸ್’ ಎನ್ನುತ್ತಾರೆ, ಕಡಲ ಮೇಲೆ ಹೋದವರ ವಾಂತಿಯಿಂದ ಹುಟ್ಟಿದ ಪದ ಅದು. ‘ಅಬಾರಂಟ್’ ಎಂಬುದರಲ್ಲಿ ಮೈಮೇಲಿನ ಕೂದಲು ನಿಮಿರುತ್ತದೆ. ‘ರಿಪಲ್ಸಿವ್’ ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಎರಡು ಅಯಸ್ಕಾಂತಗಳ ಸಜಾತೀಯ ಧ್ರುವಗಳ ವಿಕರ್ಷಣೆ ನೆನಪಾದರೆ ಅದು ಸರಿಯೇ, ಎರಡೂ ಒಂದೇ ಮೂಲದವು. ‘ರಿವೋಲ್ಟಿಂಗ್’ ಪದದಲ್ಲಿ ಹೊಟ್ಟೆಯೇ ದಂಗೆ ಏಳುತ್ತದೆ. ಇವುಗಳಲ್ಲಿ ಹೆಚ್ಚಿನವು ಅಡುಗೆಮನೆ, ಬಚ್ಚಲು, ಮೋರಿಯ ಆಸುಪಾಸಿನಲ್ಲಿ ಧಾರಾಳವಾಗಿ ಬಳಕೆಯಾಗುತ್ತವೆ. ಬಸ್‌ಸ್ಟ್ಯಾಂಡಿನ ಶೌಚಾಲಯ ‘ಡಿಸ್ಗಸ್ಟಿಂಗ್’. ಮೂರು ದಿನದ ಹಳಸಲು ಸಾರು ‘ರಿವೋಲ್ಟಿಂಗ್’. ಈ ಎರಡನ್ನೂ ‘ರಿಪಗ್ನಂಟ್’ ಎಂದರೆ ವ್ಯಾಕರಣದ ತಪ್ಪೇನೂ ಇಲ್ಲ, ‘ರಿಪಗ್ನಂಟ್ ವಾಸನೆ’ ಎಂದು ಬರೆಯುವ ಇಂಗ್ಲಿಷರೂ ಇದ್ದಾರೆ. ಆದರೂ ಸೊಳ್ಳೆಗೆ ಕೋವಿ ಹಿಡಿದ ಹಾಗಾಗುತ್ತದೆ. ಶೌಚಾಲಯವನ್ನು ತೊಳೆದರೆ ಸರಿಹೋಗುತ್ತದೆ. ಅದನ್ನು ಇಂತಹ ಜಾತಿಯವರೇ ತೊಳೆಯಬೇಕು ಎಂಬ ಕಟ್ಟಳೆ ಇದ್ದರೆ, ‘ರಿಪಗ್ನಂಟ್’ ಆಗುವುದು ಆ ಕಟ್ಟಳೆ.

ಈಗ ಮತ್ತೆ ಕೋರ್ಟಿಗೆ. ನಮ್ಮ ಸಂವಿಧಾನದ 254ನೇ ವಿಧಿಯಲ್ಲಿ ಈ ಪದ ತನ್ನ ಹಳೆಯ ಅರ್ಥದಲ್ಲೇ ಗಟ್ಟಿಯಾಗಿ ಕೂತಿದೆ. ಸಮವರ್ತಿ ಪಟ್ಟಿಯ ವಿಷಯವೊಂದರ ಮೇಲೆ ಸಂಸತ್ತೂ ಕಾಯ್ದೆ ಮಾಡಿ, ರಾಜ್ಯದ ಶಾಸಕಾಂಗವೂ ಕಾಯ್ದೆ ಮಾಡಿ, ಅವೆರಡೂ ಒಂದಕ್ಕೊಂದು ‘ರಿಪಗ್ನಂಟ್’ ಆದರೆ ಕೇಂದ್ರದ ಕಾಯ್ದೆಯೇ ಮೇಲು. ರಾಜ್ಯದ ಕಾಯ್ದೆ ಎಷ್ಟರ ಮಟ್ಟಿಗೆ ಎದುರಾಗುತ್ತದೋ ಅಷ್ಟರ ಮಟ್ಟಿಗೆ ಅನೂರ್ಜಿತ. ಆದರೆ ಇದಕ್ಕೊಂದು ಕಿಂಡಿ ಉಂಟು. ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿ ಅಂಕಿತ ಪಡೆದಿದ್ದರೆ, ಆ ರಾಜ್ಯದ ಮಟ್ಟಿಗೆ ಅದೇ ಗೆಲ್ಲುತ್ತದೆ.

ಕರಾವಳಿಯವರಿಗೆ ಈ ಕಿಂಡಿಯ ಬೆಲೆ ಚೆನ್ನಾಗಿ ಗೊತ್ತು. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು. ಜಲ್ಲಿಕಟ್ಟಿನ ತೀರ್ಪಿನ ಬಿಸಿ ಕಂಬಳದ ಗದ್ದೆಗೂ ತಟ್ಟಿತು. ಆಮೇಲೆ ಕರ್ನಾಟಕ 2017ರಲ್ಲಿ ಕೇಂದ್ರದ ಕಾಯ್ದೆಗೇ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಅವಕಾಶ ಮಾಡಿಕೊಂಡಿತು, ಆ ತಿದ್ದುಪಡಿಗೆ ರಾಷ್ಟ್ರಪತಿಯ ಅಂಕಿತವನ್ನೂ ಪಡೆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ಕರ್ನಾಟಕದ್ದನ್ನೂ ಎತ್ತಿಹಿಡಿಯಿತು. ಕೋಣ ಓಡಿಸುವುದು ಕ್ರೌರ್ಯವೋ ಅಲ್ಲವೋ ಎಂಬ ವಾದ ಬೇರೆಯೇ, ಅದರ ಬಗ್ಗೆ ಮಂಗಳೂರಿನ ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಸಿಗುತ್ತವೆ. ಕಂಬಳ ನನಗೆ ಅಸಹ್ಯ ಎನ್ನುವವರ ‘ರಿಪಗ್ನಂಟ್’ ಒಂದು, 254ನೇ ವಿಧಿಯ ‘ರಿಪಗ್ನಂಟ್’ ಇನ್ನೊಂದು. ಟಿ.ವಿ. ಚರ್ಚೆಗಳಲ್ಲಿ ಈ ಎರಡೂ ಒಂದರ ಮೇಲೊಂದು ಬಿದ್ದು ಒದ್ದಾಡುವುದನ್ನು ಯಾರೂ ಬಿಡಿಸಲು ಹೋಗುವುದಿಲ್ಲ.

ಎದುರಾಗುವುದು ಎಂದರೆ ಎಷ್ಟು ಎದುರಾಗಬೇಕು? 1979ರ ಎಂ. ಕರುಣಾನಿಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಅಳತೆ ಹಾಕಿಕೊಟ್ಟಿದೆ. ಎರಡು ಕಾಯ್ದೆಗಳ ನಡುವೆ ನೇರವಾದ, ಸ್ಪಷ್ಟವಾದ, ಯಾವ ರೀತಿಯಲ್ಲೂ ಹೊಂದಿಸಲಾಗದ ವಿರೋಧ ಇರಬೇಕು. ಸ್ವಲ್ಪ ಜಾಗ ಮಾಡಿಕೊಟ್ಟರೆ ಎರಡೂ ಒಟ್ಟಿಗೆ ಬದುಕುತ್ತವೆ ಎನ್ನುವಂತಿದ್ದರೆ ಅದು ‘ರಿಪಗ್ನೆನ್ಸಿ’ ಅಲ್ಲ. ಆ ಪ್ರಕರಣದಲ್ಲಿ ತಮಿಳುನಾಡಿನ ಕಾಯ್ದೆಗೂ ಕೇಂದ್ರದ ಕಾಯ್ದೆಗಳಿಗೂ ಅಂಥ ವಿರೋಧ ಇಲ್ಲವೆಂದೇ ತೀರ್ಮಾನವಾಯಿತು. ದಿನಬಳಕೆಯಲ್ಲಿ ಈ ಪದ ಎತ್ತುವವರೂ ಇದೇ ಅಳತೆಯನ್ನು ಇಟ್ಟುಕೊಂಡರೆ ಎಷ್ಟೋ ಜಗಳ ತಣ್ಣಗಾದೀತು ಎಂದು ನನಗೆ ಅನಿಸುವುದುಂಟು. ಇಷ್ಟವಾಗದ್ದೆಲ್ಲ ‘ರಿಪಗ್ನಂಟ್’ ಆಗಬೇಕಿಲ್ಲ.

ಸಂವಿಧಾನದ ಎತ್ತರದಿಂದ ಇಳಿದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದರೂ ಈ ಪದ ಬಿಡುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 11ನೇ ಕಲಮಿನ ತಲೆಬರಹದಲ್ಲೇ ಇದಿದೆ. ಜಮೀನನ್ನು ಪೂರ್ತಿಯಾಗಿ ಕ್ರಯಕ್ಕೆ ಕೊಟ್ಟ ಮೇಲೆ, ಕೊಂಡವನು ಅಲ್ಲಿ ಅಡಿಕೆಯನ್ನೇ ಬೆಳೆಯಬೇಕು, ರಬ್ಬರ್ ಹಾಕಕೂಡದು ಎಂದು ಕ್ರಯಪತ್ರದಲ್ಲಿ ಷರತ್ತು ಬರೆದರೆ ಅದು ನಿಲ್ಲುವುದಿಲ್ಲ. ಕೊಟ್ಟ ಹಕ್ಕಿಗೂ ಹಾಕಿದ ಷರತ್ತಿಗೂ ಹೊಂದಿಕೆ ಇಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಪಕ್ಕದಲ್ಲಿರುವ ತನ್ನದೇ ಜಮೀನಿನ ಅನುಕೂಲಕ್ಕೆಂದು ಹಾಕುವ ಕೆಲವು ಷರತ್ತುಗಳಿಗೆ ಮಾತ್ರ ವಿನಾಯಿತಿ. ಹಾಗೆಯೇ, ಒಂದೇ ಪತ್ರದ ಎರಡು ಕಲಮುಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರೆ ಏನು ಮಾಡುವುದು? ಕ್ರಯಪತ್ರದಂಥ ದಸ್ತಾವೇಜಾದರೆ ಮೊದಲು ಬರೆದದ್ದು ಉಳಿಯುತ್ತದೆ. ಮರಣಶಾಸನವಾದರೆ, 1925ರ ಉತ್ತರಾಧಿಕಾರ ಕಾಯ್ದೆಯ 88ನೇ ಕಲಮಿನ ಪ್ರಕಾರ, ಕೊನೆಗೆ ಬರೆದದ್ದು ಉಳಿಯುತ್ತದೆ. ಮಾರುವವನು ಮಾತು ಬದಲಿಸುವಂತಿಲ್ಲ. ಸಾಯುವವನಿಗೆ ಕೊನೆಯ ಗಳಿಗೆಯ ತನಕ ಮನಸ್ಸು ಬದಲಿಸುವ ಹಕ್ಕುಂಟು.

ಕಾನೂನಿನ ವಿರೋಧ, ಮನಸ್ಸಿನ ಹೇಸಿಗೆ ಎಂಬ ಎರಡು ಅರ್ಥಗಳ ನಡುವಿನ ಗೋಡೆ ಒಡೆದದ್ದು ವಸಾಹತುಗಳಲ್ಲಿ. ಬ್ರಿಟಿಷರು ಆಫ್ರಿಕದ ದೇಶಗಳನ್ನು ಆಳುವಾಗ ಸ್ಥಳೀಯರ ರೂಢಿ ಕಟ್ಟಳೆಗಳನ್ನು ಕೋರ್ಟುಗಳು ಮಾನ್ಯ ಮಾಡಬಹುದು ಎಂದರು. ಆದರೆ ಜೊತೆಗೊಂದು ಗೂಟ ಹೊಡೆದರು: ಆ ಕಟ್ಟಳೆ ಸಹಜ ನ್ಯಾಯಕ್ಕೆ, ಸಮತೆಗೆ, ಒಳ್ಳೆಯ ಆತ್ಮಸಾಕ್ಷಿಗೆ ‘ರಿಪಗ್ನಂಟ್’ ಆಗಿರಬಾರದು. ನೈಜೀರಿಯದ ವಕೀಲರು ಇದನ್ನು ಇವತ್ತಿಗೂ ‘ರಿಪಗ್ನೆನ್ಸಿ ಟೆಸ್ಟ್’ ಎಂದೇ ಕರೆಯುತ್ತಾರೆ. ಇಲ್ಲಿ ಪದ ಯಾವ ಅರ್ಥದಲ್ಲಿದೆ ಹೇಳಿ. ವಿರುದ್ಧ ಎಂದೇ? ಅಸಹ್ಯ ಎಂದೇ? ಕಾಯ್ದೆಯೊಂದರ ಜೊತೆ ಇನ್ನೊಂದನ್ನು ಇಟ್ಟು ಸಾಲು ಸಾಲಾಗಿ ಹೋಲಿಸಬಹುದು. ಆತ್ಮಸಾಕ್ಷಿಯನ್ನು ಯಾವ ಹಾಳೆಯಲ್ಲಿ ಬರೆದಿಟ್ಟಿರುತ್ತಾರೆ? ಕಡೆಗೆ ಆ ಸಾಕ್ಷಿ ಪೀಠದಲ್ಲಿ ಕೂತ ಬಿಳಿಯ ನ್ಯಾಯಾಧೀಶನದೇ ಆಗುತ್ತಿತ್ತು. ಅವನ ಹೊಟ್ಟೆ ತೊಳಸಿದರೆ ಕಟ್ಟಳೆ ಬಿದ್ದುಹೋಗುತ್ತಿತ್ತು. 1931ರಲ್ಲಿ ಲಾಗೋಸಿನ ಎಲೆಕೋ ಎಂಬ ಪದವಿಯಲ್ಲಿದ್ದ ಎಶುಗ್ಬಾಯಿಯ ಮೊಕದ್ದಮೆ ಪ್ರಿವಿ ಕೌನ್ಸಿಲ್‌ವರೆಗೆ ಹೋದಾಗ ಲಾರ್ಡ್ ಅಟ್ಕಿನ್ ಒಂದು ಎಚ್ಚರಿಕೆಯ ಮಾತು ಸೇರಿಸಿದರು. ಕಟ್ಟಳೆ ಅನಾಗರಿಕವಾಗಿದ್ದರೆ ಕೋರ್ಟು ಅದನ್ನು ತಳ್ಳಿಹಾಕಬಹುದು, ಆದರೆ ತಾನೇ ಕೂತು ಅದನ್ನು ಸೌಮ್ಯವಾದ ಇನ್ನೊಂದು ಕಟ್ಟಳೆಯಾಗಿ ತಿದ್ದಿ ಬರೆಯುವಂತಿಲ್ಲ ಎಂಬುದು ಅದರ ಸಾರ. ಈ ಪರೀಕ್ಷೆಯಿಂದ ಕೆಲವು ಕ್ರೂರ ರೂಢಿಗಳು ನಿಂತದ್ದು ನಿಜ. ಆಳುವವನ ಅಸಹ್ಯಕ್ಕೆ ‘ಸಹಜ ನ್ಯಾಯ’ ಎಂಬ ನಿಲುವಂಗಿ ಸಿಕ್ಕಿದ್ದೂ ಅಷ್ಟೇ ನಿಜ.

ತತ್ತ್ವಶಾಸ್ತ್ರದವರೂ ಈ ಪದವನ್ನು ಕೈಗೆತ್ತಿಕೊಂಡರು. 1984ರಲ್ಲಿ ಡೆರೆಕ್ ಪಾರ್ಫಿಟ್ ಎಂಬ ಬ್ರಿಟಿಷ್ ತತ್ತ್ವಜ್ಞಾನಿ ತಮ್ಮ ಪುಸ್ತಕದಲ್ಲಿ ಒಂದು ಒಗಟು ಇಟ್ಟರು. ತುಂಬಾ ಸುಖವಾಗಿರುವ ಒಂದಷ್ಟು ಕೋಟಿ ಜನರ ಲೋಕ ಒಂದು. ಬದುಕಿದ್ದೇವಲ್ಲ, ಸಾಕು ಎನ್ನುವಷ್ಟೇ ಸುಖವಿರುವ, ಆದರೆ ಲೆಕ್ಕ ಸಿಗದಷ್ಟು ಜನರಿರುವ ಲೋಕ ಇನ್ನೊಂದು. ಒಟ್ಟು ಸುಖವನ್ನು ಕೂಡಿ ನೋಡಿದರೆ ಎರಡನೆಯ ಲೋಕವೇ ಮೇಲು ಎಂದು ಬರುತ್ತದೆ. ಲೆಕ್ಕ ಸರಿಯಾಗಿದೆ, ಮನಸ್ಸು ಮಾತ್ರ ಒಪ್ಪುವುದಿಲ್ಲ. ಈ ತೀರ್ಮಾನಕ್ಕೆ ಪಾರ್ಫಿಟ್ ಇಟ್ಟ ಹೆಸರು ‘ರಿಪಗ್ನಂಟ್ ಕನ್‌ಕ್ಲೂಷನ್’. ಅಲ್ಲಿ ಕೊಳಕಿಲ್ಲ, ದುರ್ನಾತವಿಲ್ಲ, ರಕ್ತವಿಲ್ಲ, ಬರೀ ಅಂಕಗಣಿತ. ‘ಡಿಸ್ಗಸ್ಟಿಂಗ್ ಕನ್‌ಕ್ಲೂಷನ್’ ಎಂದಿದ್ದರೆ ನಗೆಪಾಟಲಾಗುತ್ತಿತ್ತು. ಪದದ ತೂಕ ಬಲ್ಲವರು ಹೀಗೆ ಆರಿಸುತ್ತಾರೆ.

1997ರಲ್ಲಿ ಡಾಲಿ ಎಂಬ ತದ್ರೂಪಿ ಕುರಿಯ ಸುದ್ದಿ ಹೊರಬಿದ್ದಾಗ ಅಮೆರಿಕದ ಜೀವನೀತಿ ಚಿಂತಕ ಲಿಯಾನ್ ಕಾಸ್ ಒಂದು ಪ್ರಬಂಧ ಬರೆದರು. ಮನುಷ್ಯರ ತದ್ರೂಪು ಮಾಡುವ ವಿಚಾರ ಕೇಳಿದೊಡನೆ ಮೈ ಜುಮ್ಮೆನ್ನುತ್ತದಲ್ಲ, ಆ ಅಸಹ್ಯದಲ್ಲೇ ಒಂದು ವಿವೇಕವಿದೆ, ತರ್ಕಕ್ಕೆ ಸಿಗದಿದ್ದರೂ ಅದನ್ನು ಕೇಳಿಸಿಕೊಳ್ಳಬೇಕು ಎಂಬುದು ಅವರ ವಾದ. ಇದಕ್ಕೆ ಎದುರಾಗಿ ಅಲ್ಲಿನದೇ ತತ್ತ್ವಜ್ಞಾನಿ ಮಾರ್ಥಾ ನುಸ್‌ಬಾಮ್ 2004ರ ತಮ್ಮ ಪುಸ್ತಕದಲ್ಲಿ, ಅಸಹ್ಯವನ್ನು ಕಾಯ್ದೆಗೆ ಆಧಾರ ಮಾಡಿಕೊಂಡರೆ ಅದು ಸಾಮಾನ್ಯವಾಗಿ ದುರ್ಬಲರ ಮೇಲೆಯೇ ತಿರುಗುತ್ತದೆ ಎಂದು ಇತಿಹಾಸ ಬಿಚ್ಚಿಟ್ಟರು. ನಾನು ನುಸ್‌ಬಾಮ್ ಪಕ್ಷ. ಯಾಕೆಂದರೆ ಇದಕ್ಕೆ ಪುರಾವೆ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಅವರ ಜೊತೆಯವರು ನೀರು ಮುಟ್ಟಿ ಕುಡಿದರು. ದನಕರುಗಳು ಕುಡಿದಾಗ ಕೆಡದ ನೀರು ಅಂದು ಮೈಲಿಗೆಯಾಯಿತೆಂದು ಊರಿನ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಅವರಿಗೆ ಆದ ಅಸಹ್ಯ ನಟನೆಯಾಗಿರಲಿಲ್ಲ, ನಿಜವಾದ ಅಸಹ್ಯವೇ ಆಗಿತ್ತು. ಭಯ ಹುಟ್ಟಿಸುವ ಮಾತು ಇದೇ. ಹೊಟ್ಟೆ ತೊಳಸುವುದು ನಿಜ ಎಂದಮಾತ್ರಕ್ಕೆ ಅದರ ಹಿಂದಿನ ನಂಬಿಕೆ ಸರಿ ಎಂದಾಗುವುದಿಲ್ಲ. ಚಾರ್ಲ್ಸ್ ಡಾರ್ವಿನ್ನನೇ 1872ರ ಪುಸ್ತಕದಲ್ಲಿ ಇಂಥದ್ದೊಂದನ್ನು ಪ್ರಾಮಾಣಿಕವಾಗಿ ಬರೆದುಕೊಂಡಿದ್ದಾನೆ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋದಲ್ಲಿ ಅಲ್ಲಿನವನೊಬ್ಬ, ಡಾರ್ವಿನ್ ತಿನ್ನುತ್ತಿದ್ದ ತಣ್ಣಗಿನ ಮಾಂಸವನ್ನು ಬೆರಳಿನಿಂದ ಮುಟ್ಟಿ ನೋಡಿ, ಅದರ ಮೆದುತನಕ್ಕೆ ಹೇಸಿದನಂತೆ. ಅವನು ಮುಟ್ಟಿದ್ದಕ್ಕೆ ಡಾರ್ವಿನ್ ಹೇಸಿದ, ಅವನ ಕೈ ಕೊಳಕಾಗಿ ಕಾಣದಿದ್ದರೂ!

ಅರ್ಥಶಾಸ್ತ್ರಜ್ಞರೂ ಈ ಪದವನ್ನು ಬಿಟ್ಟಿಲ್ಲ. 2012ರಲ್ಲಿ ಲಾಯ್ಡ್ ಶಾಪ್ಲಿ ಜೊತೆ ನೊಬೆಲ್ ಪಡೆದ ಆಲ್ವಿನ್ ರಾತ್, 2007ರಲ್ಲೇ ‘ರಿಪಗ್ನಂಟ್’ ವ್ಯವಹಾರಗಳ ಬಗ್ಗೆ ಬರೆದಿದ್ದರು. ಕೊಡುವವನೂ ಒಪ್ಪಿ ಕೊಳ್ಳುವವನೂ ಒಪ್ಪಿದರೂ ಮೂರನೆಯವರು ‘ಛೀ, ಇದು ಕೂಡದು’ ಎನ್ನುವ ವ್ಯವಹಾರಗಳು ಇವು. ಕ್ಯಾಲಿಫೋರ್ನಿಯದ ಮತದಾರರು 1998ರಲ್ಲಿ ಮನುಷ್ಯರು ತಿನ್ನಲೆಂದು ಕುದುರೆ ಮಾಂಸ ಮಾರುವುದನ್ನೇ ನಿಷೇಧಿಸಿದರು; ಫ್ರಾನ್ಸಿನಲ್ಲಿ ಅದಕ್ಕೆ ಪ್ರತ್ಯೇಕ ಅಂಗಡಿಗಳೇ ಇದ್ದವು. ಬಡ್ಡಿ ಒಂದು ಕಾಲಕ್ಕೆ ಯುರೋಪಿನಲ್ಲಿ ಇಂಥದ್ದೇ ಪಟ್ಟಿಯಲ್ಲಿತ್ತು, ಜೀವವಿಮೆಯೂ ಇತ್ತು. ಮೂತ್ರಪಿಂಡದ ಮಾರಾಟ ಇರಾನಿನಲ್ಲಿ ಕಾನೂನಿನ ಒಳಗೇ ನಡೆಯುತ್ತದೆ, ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಯಡಿ ಅಪರಾಧ. ದುಡ್ಡು ಕೊಟ್ಟು ಕೊಳ್ಳುವುದನ್ನು ಮನಸ್ಸು ಒಪ್ಪದಿದ್ದರೆ ಅದಲು ಬದಲು ಮಾಡಿಕೊಳ್ಳಬಹುದಲ್ಲ ಎಂಬುದು ರಾತ್ ತೋರಿಸಿದ ದಾರಿ. ನನ್ನ ಹೆಂಡತಿಗೆ ನನ್ನ ಮೂತ್ರಪಿಂಡ ಹೊಂದದು, ನಿಮ್ಮ ಗಂಡನಿಗೆ ನಿಮ್ಮದು ಹೊಂದದು. ನಾನು ನಿಮ್ಮವರಿಗೆ, ನೀವು ನನ್ನವರಿಗೆ. 2011ರ ತಿದ್ದುಪಡಿ ಭಾರತದಲ್ಲೂ ಇದಕ್ಕೆ ದಾರಿ ಬಿಟ್ಟಿತು. ಇಲ್ಲಿ ಅಸಹ್ಯವನ್ನು ಯಾರೂ ಗೇಲಿ ಮಾಡಲಿಲ್ಲ, ಅದಕ್ಕೆ ತಲೆಬಾಗಿ ಸುಮ್ಮನೆ ಕೂರಲೂ ಇಲ್ಲ.

ಇನ್ನು ಕನ್ನಡಕ್ಕೆ ಈ ಪದವನ್ನು ತರುವುದು ಹೇಗೆ? ಪತ್ರಿಕೆಗಳಲ್ಲಿ ಕಣ್ಣಿಗೆ ಬೀಳುವ ‘ಹೇಯ ಕೃತ್ಯ’ದ ‘ಹೇಯ’ ಎಲ್ಲಕ್ಕಿಂತ ಹತ್ತಿರ. ಸಂಸ್ಕೃತದಲ್ಲಿ ಅದಕ್ಕೆ ‘ಬಿಡತಕ್ಕದ್ದು’ ಎಂಬುದು ಮೂಲ ಅರ್ಥ, ‘ಉಪಾದೇಯ’ ಅಂದರೆ ‘ಹಿಡಿಯತಕ್ಕದ್ದು’ ಎಂಬುದರ ಎದುರು ಪದ. ಕೃತ್ಯಗಳಿಗೆ, ಸಂಚುಗಳಿಗೆ ಇದು ಒಪ್ಪುತ್ತದೆ. ‘ಜುಗುಪ್ಸೆ’ ಭರತನ ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವ. ಕಾಪಾಡು ಎಂಬ ಅರ್ಥದ ‘ಗುಪ್’ ಧಾತುವಿನಿಂದ ಬಂದ ಈ ಪದದಲ್ಲಿ, ತನ್ನನ್ನು ಕಾಪಾಡಿಕೊಳ್ಳಲು ಹಿಂದೆ ಸರಿಯುವ ಭಾವ ಇದೆ. ಆದರೆ ಕನ್ನಡದ ಬಳಕೆಯಲ್ಲಿ ಅದು ಬೇಸರಕ್ಕೂ ಜಾರಿದೆ. ‘ಜೀವನದಲ್ಲಿ ಜುಗುಪ್ಸೆ’ ಎಂದು ಸುದ್ದಿಯಲ್ಲಿ ಓದಿದರೆ ಯಾರಿಗೂ ವಾಕರಿಕೆ ನೆನಪಾಗುವುದಿಲ್ಲ. ‘ಅಸಹ್ಯ’ ಎಂಬುದನ್ನು ನಾವು ಬಾಯಿ ತುಂಬ ಬಳಸಿ ಬಳಸಿ ಸವೆಸಿದ್ದೇವೆ. ಮೊಣಕಾಲು ಕಾಣುವ ಬಟ್ಟೆಗೂ ಅದೇ, ಲಂಚಕ್ಕೂ ಅದೇ. ಮಕ್ಕಳು ಮೂಗು ಒರೆಸಿಕೊಂಡರೆ ಹೇಳುವ ‘ಹೊಲಸು’, ‘ಗಲೀಜು’ ಇತ್ತ ಸುಳಿಯುವುದೇ ಬೇಡ.

ಹಳೆಯ ಒಂದು ಹೆಸರು ಮಾತ್ರ ಇಂಗ್ಲಿಷ್ ಪದದ ನೈತಿಕ ತೂಕಕ್ಕೆ ಸರಿಸಮ ನಿಲ್ಲುತ್ತದೆ. ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳ ಕಾರಣ ಬಿಡಿಸಿ ಹೇಳುವ ಅರ್ಜುನ, ‘ಬೀಭತ್ಸು’ ಎಂಬುದಕ್ಕೆ ಕೊಡುವ ವಿವರಣೆ ಇದು: ಯುದ್ಧದಲ್ಲಿ ತಾನು ಎಂದೂ ಬೀಭತ್ಸವಾದ ಕೆಲಸ ಮಾಡುವವನಲ್ಲ, ಅದಕ್ಕೇ ಆ ಹೆಸರು. ರಣರಂಗದಲ್ಲಿ ನಿಂತವನಿಗೆ ರಕ್ತ ಮಾಂಸಗಳ ಬಗ್ಗೆ ಹೇಸಿಗೆ ಇದ್ದರೆ ನಡೆಯುತ್ತದೆಯೇ? ಅವನು ಹೇಸುವುದು ಅಧರ್ಮದ ಕೃತ್ಯಕ್ಕೆ. ಕುರುಕ್ಷೇತ್ರದಲ್ಲಿ ಆ ಹೆಸರನ್ನು ಅವನು ಎಷ್ಟು ಉಳಿಸಿಕೊಂಡ ಎಂಬ ಪ್ರಶ್ನೆಯನ್ನು ಕರ್ಣನ ಕಡೆಯವರಿಗೆ ಬಿಡೋಣ.

ಅನುವಾದ ಮಾಡುವವರಿಗೆ ನಾನು ಹೇಳುವುದಿಷ್ಟು. ಕಾನೂನಿನ ಬರಹದಲ್ಲಿ ಈ ಪದ ಸಿಕ್ಕರೆ ‘ವಿರುದ್ಧ’ ಅಥವಾ ‘ಅಸಂಗತ’ ಎಂದು ಬರೆಯಿರಿ, ಹೇಸಿಗೆಯನ್ನು ಅತ್ತ ಬಿಡಬೇಡಿ. ಕೃತ್ಯದ ಮಾತಾದರೆ ‘ಹೇಯ’. ಅಭಿಪ್ರಾಯ, ಸಿದ್ಧಾಂತಗಳ ಮಾತಾದರೆ ‘ಮನಸ್ಸು ಒಪ್ಪದ’, ‘ಒಳಗಿನಿಂದ ಎದುರಾಗುವ’ ಎಂದು ಬಿಡಿಸಿ ಹೇಳುವುದೇ ವಾಸಿ. ಇಂಗ್ಲಿಷಿನಲ್ಲೇ ಬರೆಯುವವರಿಗೆ ಎರಡು ಮಾತು. ‘ಗ’ಕಾರ ನುಂಗದೆ, ನಡುವಿನ ‘ಪಗ್’ ಮೇಲೆ ಒತ್ತು ಕೊಟ್ಟು ಉಚ್ಚರಿಸಬೇಕು. ಆಮೇಲೆ, ಈ ಪದದ ನಂತರ ಬರಬೇಕಾದದ್ದು ‘ಟು’. ನಮ್ಮಲ್ಲಿ ಅನೇಕರು ‘ರಿಪಗ್ನಂಟ್ ಆಫ್’ ಎಂದೋ ‘ರಿಪಗ್ನಂಟ್ ವಿತ್’ ಎಂದೋ ಬರೆಯುತ್ತಾರೆ. ‘ವಿತ್’ ಕಾನೂನಿನ ಹಳೆಯ ಬರಹಗಳಲ್ಲಿ ಅಪರೂಪಕ್ಕೆ ಸಿಗುತ್ತದೆ, ‘ಆಫ್’ ಎಲ್ಲಿಯೂ ಸಲ್ಲುವುದಿಲ್ಲ. ‘ಐ ಯಾಮ್ ರಿಪಗ್ನಂಟ್ ಟು ಕರಪ್ಷನ್’ ಎಂದು ಬರೆಯುವುದಂತೂ ಬೇಡವೇ ಬೇಡ. ಭ್ರಷ್ಟಾಚಾರಕ್ಕೇ ನನ್ನನ್ನು ಕಂಡರೆ ಹೇಸಿಗೆ ಎಂದಾಗುತ್ತದೆ. ಕೆಲವು ಅಧಿಕಾರಿಗಳ ವಿಷಯದಲ್ಲಿ ಅದೂ ನಿಜವಿರಬಹುದು ಅನ್ನಿ.